ಮನಾಸೆ ಮಾವ ಹಂಚಿದ ಗಂಟು

ಮನಾಸೆ ಮಾವ ನನ್ನ ಗಂಡ ಪೆನಿಗೆ ಸೋದರಮಾವ. ಟೊಂಗಾದ ನಮ್ಮ ಹಾಪೈ ದ್ವೀಪಗಳಲ್ಲಿ ಯಾವ ಶಾಲೆಯ, ಯಾವ ದವಾಖಾನೆಯ ಕಂಪ್ಯೂಟರ್ ಕೆಟ್ಟರೂ ಅವರೇ ಬರಬೇಕು. ಚಂಡಮಾರುತದ ಎಚ್ಚರಿಕೆ ತೋರಿಸುವ ಪ್ರೋಗ್ರಾಂ ಬರೆದವರೂ ಅವರೇ. ಮೊದಲೆಲ್ಲ ಅದನ್ನು ಹಾಕಲು ಹೋದರೆ ಕಂಪ್ಯೂಟರ್ ಆ ತುಣುಕು ತಾ, ಈ ತುಣುಕು ತಾ ಎಂದು ರಗಳೆ ಮಾಡುತ್ತಿತ್ತು. ಇಲ್ಲಿಯ ಇಂಟರ್ನೆಟ್ಟೋ, ಬಂದರೆ ಬಂತು. ಬೇಸತ್ತ ಮಾವ ಬೇಕಾದ ತುಣುಕುಗಳನ್ನೆಲ್ಲ ಒಳಗೇ ಸೇರಿಸಿ ಒಂದೇ ಫೈಲು ಮಾಡಿಬಿಟ್ಟರು. ಮಾಂಸ, ತೆಂಗಿನಹಾಲು, ಈರುಳ್ಳಿ ಎಲ್ಲವನ್ನೂ ಕೆಸುವಿನ ಎಲೆಯಲ್ಲಿ ಸುತ್ತಿ ನೆಲದೊಲೆಯಲ್ಲಿ ಹುಗಿಯುವುದಿಲ್ಲವೇ, ಹಾಗೆ.

"ಏನೂ ಸೇರಿಸೋದು ಬೇಡ ಕಣ್ರಪ್ಪ, ಹಾಗೇ ಬಾಯಿಗಿಡಿ" ಎಂದು ನಗುತ್ತಿದ್ದರು.

ಜನ ಅದನ್ನು ಊಟದ ಹಾಗೆಯೇ ಹಂಚಿದರು. ಕಾವಾ ಬೇರಿನ ರಸ ಕುಡಿಯಲು ಕೂತವರು ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ದಾಟಿಸಿ ನೆಂಟರ ದ್ವೀಪಗಳಿಗೆಲ್ಲ ಒಯ್ದರು. ಎಲ್ಲೆಲ್ಲಿ ಹೋಯಿತೋ ಮಾವನಿಗೇ ಗೊತ್ತಿರಲಿಲ್ಲ. ನಾನು ರಾಜಧಾನಿಯಲ್ಲಿ ಓದಿದವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಮಗು ಹುಟ್ಟಿದ ಮೇಲೆ ಸುಮ್ಮನೆ ಗಾಳಿ ಬೀಸಿದರೂ ಎದೆ ಹೊಡೆದುಕೊಳ್ಳುತ್ತಿತ್ತು. ದಿನಾ ಬೆಳಗ್ಗೆ ಮಗುವನ್ನೆತ್ತಿಕೊಂಡು ದವಾಖಾನೆಗೆ ಹೋಗಿ ಪರದೆಯ ಮೇಲೆ ಅಪಾಯವಿಲ್ಲವೆನ್ನುವ ಹಸಿರು ಕಂಡ ಮೇಲೆಯೇ ನನಗೆ ತಿಂಡಿ ಇಳಿಯುತ್ತಿದ್ದುದು.

ಆ ಶನಿವಾರ ಸಂಜೆ ಮಾವ ದೋಣಿಯಿಂದಿಳಿದವರು ನೇರ ದವಾಖಾನೆಗೆ ನಡೆದರು. ನಾನೂ ಹಿಂದೆಯೇ ಓಡಿದೆ.

"ಹವಾಮಾನದವರು, ಎಚ್ಚರಿಕೆ ತಮ್ಮದೇ ಅಂತ ತೋರಿಸೋಕೆ ಒತ್ತೋ ಮುದ್ರೆ ಬದಲಾಯಿಸಿದಾರೆ. ಮಿಕ್ಕ ಪ್ರೋಗ್ರಾಂಗಳೆಲ್ಲ ಕಂಪ್ಯೂಟರಿನ ತುಣುಕುಗಳಿಂದ ಹೊಸ ಮುದ್ರೆ ಕಲಿತವು. ನನ್ನದು ಮಾತ್ರ ಒಳಗಿರೋ ಹಳೇದನ್ನೇ ನಂಬಿ ಕೂತಿದೆ. ಬಂದ ಎಚ್ಚರಿಕೆನೆಲ್ಲ ಸುಳ್ಳು ಅಂತ ಆಚೆ ತಳ್ಳತ್ತೆ."

"ಮತ್ತೆ ಆ ಹಸಿರು, ಮಾವ?"

"ಯಾವತ್ತೋ ಕೊನೆಗೆ ಕಂಡ ಹಸಿರು ಕಣಮ್ಮ. ಅದಕ್ಕೀಗ ಕಿವೀನೇ ಇಲ್ಲ."

ಇಷ್ಟು ದಿನ ನಾನು ನೆಮ್ಮದಿಯಿಂದ ನೋಡಿದ್ದು ಏನನ್ನು? ಮಾವ ಹಳೆಯ ಫೈಲು ತೆಗೆದು ಹೊಸದು ಹಾಕಿದರು. ಪರದೆ ಕೆಂಪಾಯಿತು. ಸೋಮವಾರ ಚಂಡಮಾರುತ, ನಮ್ಮ ಮೇಲೆಯೇ. ಹೊರಗೆ ಸಮುದ್ರ ಎಣ್ಣೆ ಸುರಿದಂತೆ ಮಲಗಿತ್ತು.

ಪೆನಿ ಸಾವಿನ ಮನೆಗೆಂದು ತೊಕೆಲುವಾ ದ್ವೀಪಕ್ಕೆ ಹೋಗಿದ್ದ. ಸೋಮವಾರ ನಸುಕಿಗೇ ಹೊರಡುವವನಿದ್ದ. ಅಲ್ಲಿಯವರೂ ಪರದೆ ನೋಡಿಯೇ ದೋಣಿ ಇಳಿಸುವುದು.

"ಹೆದರಬೇಡ. ಹೊಸಾದನ್ನ ಆಗಲೇ ಹಡಗಲ್ಲಿ ನಾನು ಹಳೇದು ಕೊಟ್ಟ ಕಡೆಗೆಲ್ಲ ಕಳಿಸಿದೀನಿ. ತೊಕೆಲುವಾದ ಊರ ಮುಖ್ಯಸ್ಥ ಲಿಸಿಯಾತೆ ನಿನ್ನೆ ಫೋನಲ್ಲಿ, ಹಾಕಿಬಿಟ್ಟಿದೀನಿ ಮಾವ, ಅಂದ."

ಹೊಸ ಪರದೆಯ ಕೆಳಗೆ, ಎಚ್ಚರಿಕೆ ಕೇಳಿಸಿಕೊಳ್ಳುತ್ತಿರುವ ಊರುಗಳ ಹೆಸರುಗಳು ಬೆಳಗುತ್ತಿದ್ದವು. ಎರಡೆರಡು ಸಲ ಓದಿದೆ. ತೊಕೆಲುವಾ ಇರಲಿಲ್ಲ.

"ಮಾವ, ನಿಮ್ಮ ಮುಖಕ್ಕೆ ಯಾರಾದ್ರೂ ಯಾವತ್ತಾದ್ರೂ 'ಇಲ್ಲ' ಅಂದಿದಾರಾ?"

ಮಾವ ಫೋನಿಗೆ ಕೈ ಹಾಕಿದರು. ನಮ್ಮಲ್ಲಿ ಹಿರಿಯರಿಗೆ ಇಲ್ಲ ಎನ್ನುವುದು ಕೆನ್ನೆಗೆ ಹೊಡೆದ ಹಾಗೆ. ಮಾಡದಿದ್ದರೂ ಹೂಂ ಎನ್ನುತ್ತಾರೆ, ಆಮೇಲೆ ಮಾಡಿದರಾಯಿತು ಎಂದುಕೊಳ್ಳುತ್ತಾರೆ. ಲಿಸಿಯಾತೆಗೆ ಫೋನ್ ಹಚ್ಚಿದೆವು. ಹೋಗಲಿಲ್ಲ. ಪೆನಿಯದೂ ಹೋಗಲಿಲ್ಲ. ಅಲ್ಲಿಯ ಫೋನ್ ಟವರ್ ಸತ್ತಿತ್ತು; ಪರದೆಗೆ ಮಾತ್ರ ಬೇರೆಯೇ ಉಪಗ್ರಹದ ತಟ್ಟೆಯಿತ್ತು.

"ರೇಡಿಯೋದಲ್ಲಿ ಹೇಳ್ತಾರಲ್ವಾ?"

"ಸಾವಿನ ಮನೇಲಿ ಯಾರಮ್ಮ ರೇಡಿಯೋ ಹಚ್ಚತಾರೆ? ಊರಿಗೂರೇ ಅಲ್ಲಿ ಕೂತಿರತ್ತೆ."

ಕತ್ತಲಲ್ಲಿ ಹವಳದ ದಿಬ್ಬ ದಾಟುವುದು ಸಾಧ್ಯವಿಲ್ಲ. ಬೆಳಗಾದರೆ ಭಾನುವಾರ. ಭಾನುವಾರ ಇಲ್ಲಿ ಯಾರೂ ದೋಣಿ ಇಳಿಸುವ ಹಾಗಿಲ್ಲ, ಕಾನೂನೇ ಹಾಗಿದೆ. ಬೆಳಗ್ಗೆ ಮಾವ ಇಗರ್ಜಿಯ ಬಾಗಿಲಲ್ಲಿ ಪಾದ್ರಿಯನ್ನು ತಡೆದರು.

"ಪೊಲೀಸರು ಹಿಡೀತಾರೆ, ಮನಾಸೆ."

"ಹಿಡೀಲಿ. ಬಂದ ಮೇಲೆ."

"ನನ್ನ ಪ್ರಸಂಗಕ್ಕೆ ಇಷ್ಟು ವರ್ಷ ನಿದ್ದೆ ಹೊಡೆದವನು ನೀನು, ಇವತ್ತು ಪ್ರಸಂಗಕ್ಕೇ ಚಕ್ಕರ್!" ಎಂದರು ಪಾದ್ರಿ. ಇಲ್ಲಿಯ ರೂಢಿಯಂತೆ ಸೊಂಟಕ್ಕೆ ಸುತ್ತಿದ ಹಬ್ಬದ ಚಾಪೆ ನೆನೆದರೂ ಲೆಕ್ಕಿಸದೆ ನೀರಿಗಿಳಿದು ದೋಣಿ ತಳ್ಳಿದವರೂ ಅವರೇ.

ನಾನು ದವಾಖಾನೆಯ ಬೆಂಚಿನಿಂದ ಏಳಲಿಲ್ಲ. ಮಗು ಹಾಲು ಕುಡಿಯಲಿಲ್ಲ, ಅಥವಾ ನನ್ನಲ್ಲೇ ಹಾಲಿರಲಿಲ್ಲ. ಹೊರಗೆ ಒಂದು ಹಕ್ಕಿಯ ಸದ್ದೂ ಇಲ್ಲ. ಮಾವನ ದೋಣಿ ದಿಬ್ಬಕ್ಕೆ ಬಡಿದಿದ್ದರೆ? ಡೀಸೆಲ್ ಮುಗಿದಿದ್ದರೆ? ಪೆನಿ ಇವತ್ತೇ ಹೊರಟುಬಿಟ್ಟಿದ್ದರೆ? ಮಧ್ಯಾಹ್ನ ಕಳೆದು, ನರ್ಸು ಬಾಗಿಲು ಹಾಕಬೇಕು ಎನ್ನುವಾಗ, ಕೆಳಗಿನ ಸಾಲಿನಲ್ಲಿ ತೊಕೆಲುವಾ ಬೆಳಗಿತು. ನಾನು ಜೋರಾಗಿ ಅತ್ತೆ. ಅಳುತ್ತಲೇ ಸಾಲನ್ನು ಮತ್ತೆ ಓದಿದೆ. ಹಾಪೈಯಲ್ಲಿ ಎಷ್ಟೊಂದು ದ್ವೀಪಗಳಿವೆ, ಆ ಸಾಲಿನಲ್ಲಿದ್ದದ್ದು ಕೆಲವೇ ಹೆಸರು!

ಸೋಮವಾರ ಗಾಳಿ ಬಂತು. ನಾವೆಲ್ಲ ಇಗರ್ಜಿಯಲ್ಲಿ ಕೂತಿದ್ದೆವು. ಅಡುಗೆಮನೆಗಳ ತಗಡು ಹಾರಿಹೋಯಿತು, ಜೀವ ಹೋಗಲಿಲ್ಲ.

ಗಾಳಿ ಇಳಿದ ಮೇಲೆ ಮಾವನ ದೋಣಿ ಬಂತು, ಪೆನಿ ಮುಂದೆ ನಿಂತಿದ್ದ. ಅದು ದಡ ಮುಟ್ಟುವ ಮೊದಲೇ ಪಾದ್ರಿಗೆ ಸುದ್ದಿ ತಲುಪಿತ್ತು. ದಕ್ಷಿಣದ ಪುಟ್ಟ ದ್ವೀಪವೊಂದರಿಂದ ಅಣ್ಣತಮ್ಮಂದಿರಿಬ್ಬರು ಸೋಮವಾರ ನಸುಕಿನಲ್ಲಿ ಮೀನಿಗೆ ಹೋದವರು ಮರಳಿಲ್ಲ. ಅಲ್ಲಿಯ ಶಾಲೆಯ ಪರದೆ ಇನ್ನೂ ಹಸಿರಾಗಿಯೇ ಇದೆಯಂತೆ. ಪಾದ್ರಿ ದಡದಿಂದಲೇ ಮಾವನಿಗೆ ಅದನ್ನು ಹೇಳಿದರು.

"ಅಲ್ಲಿಗೆ ನಾನು ಕೊಟ್ಟೇ ಇಲ್ಲವಲ್ಲ," ಎಂದರು ಮಾವ. ಅವರ ದನಿ ನನಗೆ ಗುರುತೇ ಸಿಗಲಿಲ್ಲ. "ಯಾರು ಒಯ್ದರು?"

ಪೆನಿ ಇಳಿದು ಮಗುವಿಗೆ ಕೈ ಚಾಚಿದ. ಮಾವ ಇಳಿಯಲಿಲ್ಲ. ಡೀಸೆಲ್ ಡಬ್ಬಿ ಕೊಡಿ ಎಂದು ಸನ್ನೆ ಮಾಡಿ, ದೋಣಿಯನ್ನು ದಕ್ಷಿಣಕ್ಕೆ ತಿರುಗಿಸಿದರು.