ಡೋಣಿಯ ಹುಲಗಪ್ಪ ಶನಿಲೋಕದಲ್ಲಿ ಹೆಜ್ಜೆ ಹಿಡಿದದ್ದು

ಡೋಣಿಯ ಹುಲಗಪ್ಪ ಎದುರಿಗೆ ಬಂದವರ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದ. ಇದನ್ನು ಸೊಕ್ಕು ಎಂದವರುಂಟು, ನಾಚಿಕೆ ಎಂದವರೂ ಉಂಟು. ಎರಡೂ ಅಲ್ಲ, ಅದು ಅವನ ಉದ್ಯೋಗ. ಕಳುವಾದ ದನದ ಹೆಜ್ಜೆ ಹಿಡಿದು ಹೋಗಿ ದನ ತರುವುದು. ದನ ಸಿಕ್ಕರೆ ಇನಾಮು ಒಂದು ರುಮಾಲು, ಒಂದು ಚೀಲ ಬಿಳಿಜೋಳ. ಸಿಗದಿದ್ದರೆ ಹೋದ ದಾರಿಯಲ್ಲೇ ತಿರುಗಿ ಬರುವುದು. ಮದುವೆಯಾದ ಹೊಸದರಲ್ಲಿ ಹೆಂಡತಿ ತಿಪ್ಪವ್ವ ಒಮ್ಮೆ ಕೇಳಿದಳಂತೆ, "ನನ್ನ ಮಾರಿ ಹೆಂಗೈತಿ ಹೇಳ್ರಿ ನೋಡೂಣು." ಹುಲಗಪ್ಪ ಸ್ವಲ್ಪ ಹೊತ್ತು ವಿಚಾರ ಮಾಡಿ, "ಎಡಗಾಲಿನ ಹಿಂಬಡ ಒಂಚೂರು ಒಳಗ ವಾಲತೈತಿ" ಎಂದನಂತೆ. ತಿಪ್ಪವ್ವ ಮತ್ತೆ ಕೇಳಲಿಲ್ಲ.

ಆಗ ನೆಲ ಒಂದೇ ಇದ್ದರೂ ಆಳುವವರು ಬೇರೆ ಬೇರೆ. ಗದಗ, ಮುಂಡರಗಿ, ಡೋಣಿ ಇವೆಲ್ಲ ಇಂಗ್ರೇಜಿ ಸರಕಾರದವು. ಕಪ್ಪತಗುಡ್ಡದ ಆಚೆಗಿನ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು. ಅದರಾಚೆ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ದನಗಳ್ಳರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕಿರಲಿಲ್ಲ. ರಾತ್ರಿ ಎತ್ತು ಬಿಚ್ಚಿಕೊಂಡು ಹೊರಟು, ಗಡಿಗಲ್ಲು ದಾಟಿ, ಆ ಕಡೆ ಕೂತು ನೆಮ್ಮದಿಯಿಂದ ಬುತ್ತಿ ಉಣ್ಣುತ್ತಿದ್ದರು. ಈ ಕಡೆಯ ಪೊಲೀಸ ಆ ಕಡೆ ಕಾಲಿಡುವಂತಿಲ್ಲ. ಹೆಜ್ಜೆಗಾರನೂ ಇಡುವಂತಿಲ್ಲ.

ಅದಕ್ಕೊಂದು ಪದ್ಧತಿ ಇತ್ತು. ಹೆಜ್ಜೆ ಗಡಿಗಲ್ಲಿಗೆ ಮುಟ್ಟಿದರೆ ಈ ಕಡೆಯ ಹೆಜ್ಜೆಗಾರ ಅದರ ಮೇಲೆ ಬುಟ್ಟಿ ಬೋರಲು ಹಾಕಿ, ಗಾಳಿಗೆ ಹಾರದಂತೆ ಕಲ್ಲು ಹೇರಿ, ಆ ಕಡೆಯವನಿಗೆ ಹೇಳಿ ಕಳಿಸಬೇಕು. ಅವನು ಬಂದು ಬುಟ್ಟಿ ಎತ್ತಿ, ಹೆಜ್ಜೆ ನೋಡಿ, "ಹೆಜ್ಜಿ ನಂದಾತು" ಎನ್ನಬೇಕು. ಅಲ್ಲಿಂದ ಮುಂದೆ ಕಳ್ಳನೂ ಅವನವನು, ಎತ್ತೂ ಅವನದು, ಎತ್ತು ಸಿಕ್ಕರೆ ರುಮಾಲೂ ಅವನದೇ.

ಆ ಕಡೆಯವನು ಶಿರಹಟ್ಟಿಯ ಮಕ್ತುಮಸಾಬ. ಹುಲಗಪ್ಪ ಎಂಟು ಮೈಲಿ ಬೆನ್ನು ಬಗ್ಗಿಸಿ ತಂದ ಹೆಜ್ಜೆಯನ್ನು ಅವನು ಎರಡು ಹೊಲ ದಾಟುವಷ್ಟರಲ್ಲಿ ಮುಗಿಸಿ ರುಮಾಲು ಸುತ್ತಿಕೊಳ್ಳುತ್ತಿದ್ದ. ಕಳ್ಳರು ಆ ಕಡೆಯಿಂದ ಈ ಕಡೆ ಬಂದಾಗ ಹುಲಗಪ್ಪ ಇದನ್ನೇ ಮಾಡುತ್ತಿದ್ದ. ಆಗ ಅದು ಅನ್ಯಾಯವೆಂದು ಅವನಿಗೆ ಅನಿಸುತ್ತಿರಲಿಲ್ಲ.

"ನಾ ನೆಟ್ಟಿದ್ದ ಬೆಳಿ ನೀ ಕೊಯ್ಯಾಕ ಬಂದಿ ನೋಡಲೇ ಮಕ್ತುಮ್ಯಾ."

"ಹೊಲ ನಂದೈತಲ್ಲೊ ಹುಲಗ್ಯಾ. ಬುಟ್ಟಿ ತಗೊಂಡು ನಡಿ."

ಇಪ್ಪತ್ತು ವರ್ಷ ಅವರ ಮಾತುಕತೆ ಇಷ್ಟೇ.

೧೯೪೮ರ ಮಾರ್ಚಿನಲ್ಲಿ ಡೋಣಿಯ ದೇವಪ್ಪನ ಬಿಳಿ ಎತ್ತು ಕಳುವಾಯಿತು. ಹಿಂದಿನ ಎಡಗೊರಸು ಸೀಳಿದ ಎತ್ತು. ಅದರ ಹೆಜ್ಜೆ ಹಿಡಿಯುವುದು ಓದು ಬಂದವನಿಗೆ ಹೆಸರು ಓದಿದಷ್ಟು ಸುಲಭ. ಹುಲಗಪ್ಪ ಮಧ್ಯಾಹ್ನದೊಳಗೆ ಗಡಿಗಲ್ಲಿಗೆ ಬಂದ. ಬುಟ್ಟಿ ಹಾಕಿದ. ಕುರುಬರ ಕೈಯಲ್ಲಿ ಶಿರಹಟ್ಟಿಗೆ ಹೇಳಿ ಕಳಿಸಿದ. ಕೂತ.

ಮಕ್ತುಮಸಾಬ ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೆಯ ದಿನ ಒಂದು ಆಡು ಬಂದು ಬುಟ್ಟಿಯ ಅಂಚು ತಿಂದಿತು. ಹುಲಗಪ್ಪ ಅದನ್ನು ಓಡಿಸಿದ, ಮತ್ತೆ ಕೂತ. ನಾಲ್ಕನೆಯ ದಿನ ಆ ದಾರಿಯಲ್ಲಿ ಟಪಾಲಿನವನು ಬಂದ.

"ಏನ ಹುಲಗಪ್ಪಾ, ಇಲ್ಲಿ ಯಾಕ ಕುಂತಿ?"

"ಸಾಂಗ್ಲಿಯವರಿಗೆ ಹೆಜ್ಜಿ ಒಪ್ಪಸಬೇಕ್ರಿ."

"ಯಾವ ಸಾಂಗ್ಲಿ? ಸಂಸ್ಥಾನ ಮುಂಬೈಗೆ ಸೇರಿ ಎಂಟು ದಿನ ಆತು. ಎರಡೂ ಕಡಿ ಈಗ ನಮ್ಮ ಸರಕಾರನ. ಎದ್ದು ಆ ಕಡಿ ನಡಿಯಪಾ, ಯಾರು ಕೇಳತಾರ?"

ಹುಲಗಪ್ಪ ಬುಟ್ಟಿ ಎತ್ತಿದ. ಅದರ ಕೆಳಗೆ ಸೀಳುಗೊರಸಿನ ಹೆಜ್ಜೆ ಆಗಷ್ಟೇ ಊರಿದಂತೆ ಚೆನ್ನಾಗಿತ್ತು. ಅದರಾಚೆ ನಾಲ್ಕು ದಿನದ ಗಾಳಿ ನೆಲವನ್ನು ಗುಡಿಸಿ ಇಟ್ಟಿತ್ತು. ಇಲ್ಲದ ಗಡಿಯನ್ನು ಕಾಯುತ್ತ ಅವನು ನಾಲ್ಕು ದಿನ ಕೂತಿದ್ದ. ಅಷ್ಟರಲ್ಲಿ ಎತ್ತು ಯಾವ ಸಂತೆಯಲ್ಲಿ ಎಷ್ಟು ಕೈ ದಾಟಿತೋ.

ಊರಿಗೆ ಬಂದು ಹುಲಗಪ್ಪ ದೇವಪ್ಪನಿಗೆ ಹೇಳಿದ್ದು ಒಂದೇ ಮಾತು: "ಹೆಜ್ಜಿ ಮಕ್ತುಮಸಾಬಗ ಒಪ್ಪಿಸೀನಿ. ಮುಂದಿಂದು ಅವನ್ನ ಕೇಳ್ರಿ." ಅವನ ಬದುಕಿನಲ್ಲಿ ಅವನು ಹೇಳಿದ ದೊಡ್ಡ ಸುಳ್ಳು ಅದೇ. ಹೇಳಿದ ಮೇಲೆ ಅವತ್ತು ಊಟ ಮಾಡಲಿಲ್ಲ. ಮರುದಿನ ಮಾಡಿದ.

ಗಡಿ ಹೋದ ಮೇಲೆ ಹೆಜ್ಜೆಗಾರನನ್ನು ಕೇಳುವವರಿಲ್ಲ; ಪೊಲೀಸರು ಎಲ್ಲಿ ಬೇಕಾದರೂ ಹೋಗುತ್ತಿದ್ದರು. ಎತ್ತು ಆಗಲೂ ಸಿಗುತ್ತಿರಲಿಲ್ಲ, ಆ ಮಾತು ಬೇರೆ. ಹುಲಗಪ್ಪ ಗದಗಿಗೆ ಬಂದು ಹತ್ತಿ ಜಿನ್ನಿನ ಗೇಟು ಕಾಯುವ ಕೆಲಸ ಹಿಡಿದ. ಮಕ್ತುಮಸಾಬನೂ ಗದಗಿಗೇ ಬಂದು ಸ್ಟೇಶನ್ನಿಗೂ ಬೆಟಗೇರಿಗೂ ನಡುವೆ ಟಾಂಗಾ ಹೊಡೆಯತೊಡಗಿದ. ಟಾಂಗಾ ಎದುರು ಬಂದರೆ ಹುಲಗಪ್ಪ ಕುದುರೆಯ ಕಾಲು ನೋಡುತ್ತ ರಸ್ತೆಯ ಆ ಬದಿಗೆ ದಾಟುತ್ತಿದ್ದ.

ಜಿನ್ನಿನ ಎದುರಿಗೆ ಒಂದು ಛಾಪಖಾನೆ. ಅಲ್ಲಿ ಅಚ್ಚಿನ ಮೊಳೆ ಜೋಡಿಸುವವನು ಬೆಟಗೇರಿಯ ಕಲ್ಲಣ್ಣ, ನೇಕಾರರ ಮನೆಯ ಹುಡುಗ. ಮಗ್ಗ ಅವನಿಗೆ ಒಗ್ಗಲಿಲ್ಲ, ಕಾದಂಬರಿಯ ಹುಚ್ಚು ಒಗ್ಗಿತು. ೧೯೫೬ರಲ್ಲಿ ಕನ್ನಡನಾಡು ಒಂದಾಗುವ ಸುದ್ದಿ ಗಟ್ಟಿಯಾದಾಗ ಛಾಪಖಾನೆಗೆ ಕರಪತ್ರದ ಕೆಲಸ ರಾಶಿ ಬಿತ್ತು. ಕಾಗದ ಕತ್ತರಿಸಿ ಉಳಿದ ತುಂಡುಗಳನ್ನು ಮಾಲಕರು ಕಲ್ಲಣ್ಣನಿಗೆ ಬಿಟ್ಟರು: ನವೆಂಬರ ಒಂದನೇ ತಾರೀಖಿನೊಳಗೆ ನಿನ್ನ ಪುಸ್ತಕ ಮುಗಿದರೆ ಸರಿ, ಇಲ್ಲದಿದ್ದರೆ ತುಂಡು ಕಿರಾಣಿ ಅಂಗಡಿಗೆ.

ಪುಸ್ತಕದ ಹೆಸರು 'ಶನಿಲೋಕದ ಕಳ್ಳ'. ಧೂಮಾಕ್ಷನೆಂಬ ಕಳ್ಳ ಶನಿಲೋಕದ ಅರಸನ ಆಕಾಶನೌಕೆಯನ್ನು ಹಾರಿಸಿಕೊಂಡು ಹೋಗುತ್ತಾನೆ. ಹಿಡಿದು ತಂದವನಿಗೆ ಒಂದು ಚಂದ್ರ ಇನಾಮು. ಬೆನ್ನು ಹತ್ತುವವರು ಇಬ್ಬರು ಇನಾಮಿನ ಬೇಟೆಗಾರರು: ಶನಿಲೋಕದ ವೀರಕೇತು, ಗುರುಲೋಕದ ಮಕರಧ್ವಜ. ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಇಷ್ಟು ಬರೆದ ಮೇಲೆ ಕಲ್ಲಣ್ಣನಿಗೆ ಮುಂದೆ ಹೊಳೆಯಲಿಲ್ಲ. ಚಹಾದಂಗಡಿಯಲ್ಲಿ ಹುಲಗಪ್ಪನನ್ನು ಹಿಡಿದ.

"ಕಾಕಾ, ಆಕಾಶದಾಗ ಕಳ್ಳನ ಬೆನ್ನ ಹತ್ತೂದು ಹೆಂಗ?"

"ನೆಲ ಐತೇನು ಅಲ್ಲಿ?"

"ಇಲ್ಲ."

"ಧೂಳು?"

"ಅದೂ ಇಲ್ಲ."

ಹುಲಗಪ್ಪ ಬಸಿಯ ಚಹಾ ಮುಗಿಸಿದ. "ಹೊಗಿ ಬಿಡತೈತೇನು ನೌಕಾ?"

"ಬಿಡತೈತಿ."

"ಹಂಗಾರ ಆತಲ್ಲ. ಹೊಗಿ ಯಾ ಕಡಿ ಬಾಗೇತಿ ನೋಡು. ದಪ್ಪಿದ್ರ ಹತ್ರ ಅದಾನ. ತೆಳ್ಳಗಿದ್ರ ಉಂಡು ದೂರ ಹೋಗ್ಯಾನ. ಇನಾಮೇನ?"

"ಒಂದು ಚಂದ್ರ."

"ಜೋಳ ಬೆಳಿತೈತೇನು ಅದರಾಗ?"

"ಬರೇ ಕಲ್ಲ ಕಾಕಾ."

"ಬ್ಯಾಡ. ರುಮಾಲ ಇಡು."

ಅಂದಿನಿಂದ ದಿನಾ ಸಂಜೆ ಹುಲಗಪ್ಪ ಛಾಪಖಾನೆಯ ಕಟ್ಟೆಗೆ ಬಂದು ಕೂರತೊಡಗಿದ. ಶನಿ, ಗುರು ಎರಡು ಲೋಕದ ನಡುವೆ ಗಡಿ ಇರಬೇಕೆಂದು ಹೇಳಿಕೊಟ್ಟವನು ಅವನು. ಬುತ್ತಿ ಇಲ್ಲದೆ ಬೇಟೆಗಾರ ಹೊರಡುವುದಿಲ್ಲವೆಂದು ವೀರಕೇತುವಿನ ಕವಚದೊಳಗೆ ಕಟಕರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿಸಿದವನೂ ಅವನೇ. ಅಚ್ಚಾದ ಹಾಳೆಯನ್ನು ಕಲ್ಲಣ್ಣ ಓದಿ ಹೇಳಿದಾಗ ಹುಲಗಪ್ಪ ನೆಲ ನೋಡುತ್ತ ಕೇಳುತ್ತಿದ್ದ. ಓದು ಬರೆಹ ಬಾರದ ಅವನಿಗೆ ಒಂದು ಮಾತು ಮಾತ್ರ ಚೆನ್ನಾಗಿ ತಿಳಿಯಿತು: ಎಂಟು ವರ್ಷದಿಂದ ಯಾರೂ ಕರೆಯದ ಹೆಜ್ಜೆಗಾರ ಹುಲಗಪ್ಪ ಇನ್ನು ಎಲ್ಲಾದರೂ ಉಳಿದರೆ ಈ ತುಂಡು ಕಾಗದದಲ್ಲಿ. ಆದ್ದರಿಂದ ಕಳ್ಳನನ್ನು ವೀರಕೇತುವೇ ಹಿಡಿಯಬೇಕು.

ನಾಲ್ಕನೆಯ ಅಧ್ಯಾಯದಲ್ಲಿ ಮಕರಧ್ವಜ ಆಕಾಶದಲ್ಲಿ ಬಿದ್ದ ಬೂದಿಯನ್ನು ಮೂಸಿ, ಕಳ್ಳ ಯಾವ ಲೋಕದ ಕಟ್ಟಿಗೆ ಸುಟ್ಟನೆಂದು ಹೇಳಿದ. ಹುಲಗಪ್ಪ ಮೊದಲ ಸಲ ಮುಖ ಎತ್ತಿದ.

"ಇದನ್ನ ಯಾರು ಹೇಳಿದ್ರು ನಿನಗ?"

ಕಲ್ಲಣ್ಣ ಮೊಳೆಪೆಟ್ಟಿಗೆ ನೋಡಿದ.

"ಸಗಣಿ ಮೂಸಿ ಮೇವು ಹೇಳಾಂವ ಈ ಸೀಮ್ಯಾಗ ಒಬ್ಬನ ಅದಾನ. ಅವನ ಟಾಂಗಾ ಮುಂಜಾನೆ ಇಲ್ಲಿ ನಿಂದರತೈತೇನು?"

"ನಿಂದರತೈತಿ ಕಾಕಾ. ನೀವು ಸಂಜಿಕ, ಅವರು ಮುಂಜಾನೆ."

ಅಂದಿನಿಂದ ಆಕಾಶದಲ್ಲಿ ಯುದ್ಧ ಬಿರುಸಾಯಿತು. ಸಂಜೆ ಮುಂದೆ ಹೋದ ವೀರಕೇತು ಮುಂಜಾನೆಯ ಹೊತ್ತಿಗೆ ಹಿಂದೆ ಬಿದ್ದಿರುತ್ತಿದ್ದ. ಕೊನೆಯ ಅಧ್ಯಾಯ ಒಂದು ಉಳಿಯಿತು. ತಾರೀಖು ಅಕ್ಟೋಬರ ಇಪ್ಪತ್ತೆಂಟು. ಕಲ್ಲಣ್ಣ ಇಬ್ಬರನ್ನೂ ಒಂದೇ ಹೊತ್ತಿಗೆ ಬರಹೇಳಿದ. ಯಾರಿಗೂ ಇನ್ನೊಬ್ಬರ ಸುದ್ದಿ ಹೇಳಲಿಲ್ಲ. ಇಬ್ಬರೂ ಕಟ್ಟೆಯ ಎರಡು ತುದಿಗೆ ಕೂತರು.

"ನಿಮ್ಮಿಬ್ಬರ ದೊಡ್ಡ ಬೇಟಿ ಯಾವುದು ಅಂತ ಬ್ಯಾರೆ ಬ್ಯಾರೆ ಕೇಳಿದ್ದೆ," ಎಂದ ಕಲ್ಲಣ್ಣ. "ಇಬ್ಬರೂ ದೇವಪ್ಪನ ಬಿಳಿ ಎತ್ತು ಅಂದ್ರಿ. ನಾನ ಹಿಡದೆ, ಬಾಲ ಹಿಡಕೊಂಡು ತಂದೆ ಅಂದ್ರು ಹುಲಗಪ್ಪ ಕಾಕಾ. ನಾನ ಹಿಡದೆ, ಮೂಗದಾಣ ಹಿಡಕೊಂಡು ತಂದೆ ಅಂದ್ರು ಮಕ್ತುಮ ಚಾಚಾ. ಬಾಲ ಒಬ್ರು, ಮೂಗು ಒಬ್ರು ಹಿಡದೀರಿ. ನಡುವಿನ ಎತ್ತು ಎಲ್ಲೈತಿ?"

ಒಳಗೆ ಯಂತ್ರ ಕರಪತ್ರಗಳನ್ನು ಉಗುಳುತ್ತಿತ್ತು.

"ಎತ್ತು ಸಿಗಲಿಲ್ಲ," ಎಂದ ಹುಲಗಪ್ಪ ಕಡೆಗೆ. "ಇಂವ ಬರಲೇ ಇಲ್ಲ. ಬುಟ್ಟಿ ಹಾಕಿ ನಾಕು ದಿನ ಕುಂತಿದ್ದೆ."

"ನಿನ್ನ ಖಬರ ಮೊದಲನೇ ದಿನಾನ ಬಂತಲೇ," ಎಂದ ಮಕ್ತುಮಸಾಬ. "ಅದಕ್ಕ ನಾಕು ದಿನ ಮೊದಲು ಕಚೇರಿಯವರು ನನ್ನ ಎದಿ ಮ್ಯಾಲಿನ ಸರಕಾರಿ ಬಿಲ್ಲೆ ಕಸಗೊಂಡಿದ್ರು, ಸಂಸ್ಥಾನ ಮುಗೀತು ಅಂತ. ಬಿಲ್ಲೆ ಇಲ್ಲದಾಂವ ಸರಕಾರದ ಬುಟ್ಟಿ ಹೆಂಗ ಎತ್ತಬೇಕು? ನಾನೂ ನಾಕು ದಿನ ಮನ್ಯಾಗ ಕುಂತೆ. ಹೆಂಡತಿ ದಾವಲಬಿ ದಿನಾ ಬೈದಳು."

"ಗಡಿ ಹೋಗೇತಿ ಅಂತ ನನಗೊಂದು ಮಾತು ಹೇಳಿ ಕಳಸಾಕ ಏನಾಗಿತ್ತೊ?"

"ಹೇಳಿ ಕಳಸಾಕೂ ಬಿಲ್ಲೆ ಬೇಕಲ್ಲೊ."

ಹುಲಗಪ್ಪನಿಗೆ ಇದು ಸರಿಯೆನಿಸಿತು. ಅವನಾಗಿದ್ದರೂ ಹಾಗೆಯೇ ಮಾಡುತ್ತಿದ್ದ. ಅದಕ್ಕೇ ಮುಂದಿನ ಮಾತು ಹೇಳುವುದು ಕಷ್ಟವಾಯಿತು.

"ಊರಾಗ ನಾ ಬ್ಯಾರೆ ಹೇಳೀನಿ. ಹೆಜ್ಜಿ ನಿನಗ ಒಪ್ಪಿಸೀನಿ ಅಂತ."

ಮಕ್ತುಮಸಾಬ ತಲೆಯ ಮೇಲಿನ ವಸ್ತ್ರ ಬಿಚ್ಚಿ ಮತ್ತೆ ಸುತ್ತಿದ. "ಎಂಟು ವರ್ಷ ಆತು, ಡೋಣಿ ಮಂದಿ ನನ್ನ ಟಾಂಗಾ ಹತ್ತೂದಿಲ್ಲ. ಸ್ಟೇಶನ್ನಿನಾಗ ಇಳಿತಾರ, ನನ್ನ ನೋಡತಾರ, ಗಂಟು ಹೊತಗೊಂಡು ನಡಕೋತ ಹೋಗತಾರ. ಕುದರಿ ಸುಳಿ ಕೆಟ್ಟದೈತಿ ಅಂತ ತಿಳದು ಎರಡು ಕುದರಿ ಬದಲ ಮಾಡಿದ್ನಲ್ಲೊ ಹುಲಗ್ಯಾ."

ಹುಲಗಪ್ಪ ಕಲ್ಲಣ್ಣನ ಕಡೆ ತಿರುಗಿದ.

"ಬರಕೋ. ಕಳ್ಳ ತಪ್ಪಿಸಿಕೊಂಡ. ವೀರಕೇತುನ ಕೈಯಾಗಿಂದ ತಪ್ಪಿಸಿಕೊಂಡ. ಎರಡು ಲೋಕ ಒಂದಾಗಿದ್ದು ಅವಗ ತಿಳೀಲಿಲ್ಲ, ಗಡ್ಯಾಗ ಕುಂತ. ಡೋಣ್ಯಾಗ ಓದಿಸು ಇದನ್ನ."

"ಕಾಕಾ, ಕಳ್ಳ ಸಿಗದಿದ್ರ ಪುಸ್ತಕ ಯಾರು ಕೊಳ್ಳತಾರ?"

"ನೀ ಸುಮ್ಮನಿರಪಾ," ಎಂದ ಮಕ್ತುಮಸಾಬ, ಎದ್ದು ನಿಂತು. "ಇವನ ಉಪಕಾರ ನನಗ ಬ್ಯಾಡ. ಖರೆ ಬರಿ. ಮಕರಧ್ವಜಗ ಎಲ್ಲಾ ಗೊತ್ತಿತ್ತು, ಗೊತ್ತಿದ್ದೂ ಹೋಗಲಿಲ್ಲ. ಕಳ್ಳ ಹೋಗಿದ್ದು ಅವನ ಕೈಯಾಗಿಂದ."

"ನನ್ನ ಕಡಿ ಇದ್ದಾಗ ಹೋದ."

"ನಿನ್ನ ಕಡಿಂದ ದಾಟಿ ನನ್ನ ಕಡಿ ಬಂದ ಮ್ಯಾಲ ಹೋದ. ಗಡಿಗಲ್ಲಿನ ಆ ಕಡಿ ನಂದು."

"ಗಡಿ ಎಲ್ಲಿತ್ತೊ ಅವಾಗ?"

ಕಲ್ಲಣ್ಣ ಇಬ್ಬರನ್ನೂ ಬಿಟ್ಟು ಒಳಗೆ ಹೋಗಿ ಮೊಳೆ ಜೋಡಿಸಿದ. ಧೂಮಾಕ್ಷನು ಇಬ್ಬರ ಕೈಯಿಂದಲೂ ಸಮಸಮವಾಗಿ ತಪ್ಪಿಸಿಕೊಂಡನೆಂದು ಅಚ್ಚಾಯಿತು. ಆ ವಾಕ್ಯ ಇಬ್ಬರಿಗೂ ಒಪ್ಪಿಗೆಯಾಗಲಿಲ್ಲ.

ನವೆಂಬರ ಒಂದರಂದು ಗದಗಿನಲ್ಲಿ ಮೆರವಣಿಗೆ, ಬಾಜಾ, ಪೇಡೆ. ಪುಸ್ತಕದ ನಲವತ್ತು ಪ್ರತಿ ಹೋದವು. ಒಂದನ್ನು ಹುಲಗಪ್ಪ ಡೋಣಿಗೆ ಒಯ್ದು ಚಾವಡಿಯಲ್ಲಿ ಶಾಲೆಯ ಮಾಸ್ತರರಿಂದ ಓದಿಸಿದ. ಓದು ಮುಗಿದ ಮೇಲೆ ಎದ್ದು ನಿಂತು, "ವೀರಕೇತು ಅಂದ್ರ ನಾನು. ನೌಕಾ ಅಂದ್ರ ದೇವಪ್ಪನ ಎತ್ತು. ಮಕ್ತುಮಸಾಬಗ ನಾ ಹೆಜ್ಜಿ ಒಪ್ಪಿಸಿದ್ದಿಲ್ಲ" ಎಂದ. ಜನ ದೇವಪ್ಪನ ಕಡೆ ನೋಡಿದರು. ದೇವಪ್ಪ ಎಲೆ ಅಡಿಕೆ ಉಗುಳಿ ಬಂದು ಕೂತ.

"ಇದನ್ನ ಹೇಳಾಕ ಶನಿಲೋಕದ ತನಕ ಹೋಗಬೇಕಾತೇನೊ?" ಎಂದ.

ಮುಂದಿನ ಶನಿವಾರ ದೇವಪ್ಪ ಗದಗ ಸ್ಟೇಶನ್ನಿನಲ್ಲಿ ಇಳಿದವನೇ ನೆಟ್ಟಗೆ ಹೋಗಿ ಮಕ್ತುಮಸಾಬನ ಟಾಂಗಾ ಹತ್ತಿ ಕೂತ. ಬೆಟಗೇರಿಯಲ್ಲಿ ಇಳಿದ. ಬಾಡಿಗೆ ಕೊಡಲಿಲ್ಲ. ಮಕ್ತುಮಸಾಬ ಕೇಳಲೂ ಇಲ್ಲ. ಅದರ ಮುಂದಿನ ಶನಿವಾರವೂ ಹಾಗೆಯೇ ಆಯಿತು, ಅದರ ಮುಂದಿನದೂ. ನಾಲ್ಕನೆಯ ಶನಿವಾರ ಟಾಂಗಾ ಜಿನ್ನಿನ ಗೇಟಿಗೆ ಬಂದು ನಿಂತಿತು.

"ಹುಲಗ್ಯಾ, ದೇವಪ್ಪ ಜೀವ ಇರೂ ತನಕ ಪುಕ್ಕಟ ಹತ್ತಾಂವ ಅದಾನ. ಎತ್ತು ಇಬ್ಬರ ಕೈಯಾಗಿಂದ ಹೋಗೇತಿ ಅಂತ ಅಚ್ಚಾಗೇತಿ. ಕುದರಿಗೆ ಅರ್ಧ ಹುಲ್ಲು ನಿಂದು."

ಹುಲಗಪ್ಪ ಕುದುರೆಯ ಕಾಲು ನೋಡಿದ. "ಮುಂದಿನ ಬಲಗಾಲಿನ ಲಾಳ ಸಡ್ಲ ಆಗೇತಿ," ಎಂದು ಹೇಳಿ, ಹುಲ್ಲು ತರಲು ಪೇಟೆಗೆ ನಡೆದ.