ಬುಗ್ಗೆಗಳ ಊರಿನಲ್ಲಿ ಹುಡುಗಿ ನೋಡುವ ಶಾಸ್ತ್ರ

ಈ ಕಥೆಯನ್ನು ನನ್ನ ತಂಗಿ ಈಗ ನಾಲ್ಕು ಜನರ ಮುಂದೆ ಅಭಿನಯಿಸಿ ನಗಿಸುತ್ತಾಳೆ. ನಾನು ಮಾತ್ರ ಎದ್ದು ಅಡುಗೆಮನೆಗೆ ಹೋಗುತ್ತೇನೆ.

ಅಮೆರಿಕದ ಹರ್ನ್‌ಡನ್ನಿನ ನಮ್ಮ ಅಪಾರ್ಟ್‌ಮೆಂಟಿಗೆ ಆಂಟಿಯ ಫೋನ್ ಬಂದಾಗಲೇ ನನಗೆ ಅನುಮಾನ. "ಶನಿವಾರ ಬುಗ್ಗೆಗಳ ಊರಿಗೆ ಹೋಗಿಬರೋಣ ಕಣೇ, ಎಲೆಗಳೆಲ್ಲ ಕಲರ್ ಆಗಿವೆ. ತಂಗೀನೂ ಕರ್ಕೊಂಡ್ ಬಾ," ಎಂದರು. ತಂಗಿ ಡರ್ಹಮ್‌ನಲ್ಲಿ ಎಂ.ಎಸ್. ಓದುತ್ತಿದ್ದಳು. ಫಾಲ್ ಬ್ರೇಕ್ ರಜೆಗೆಂದು ನಮ್ಮಲ್ಲಿಗೆ ಬಂದು ಒಂದು ದಿನವೂ ಆಗಿರಲಿಲ್ಲ. ನಾನಂತೂ ಯಾರಿಗೂ ಹೇಳಿರಲಿಲ್ಲ. ಇವರಿಗೆ ಹೇಗೆ ಗೊತ್ತಾಯಿತು?

ಆಂಟಿ, ಅಂಕಲ್ ನಮಗೆ ನೆಂಟರಲ್ಲ. ಅಂಕಲ್ ಡಾಕ್ಟರು, ಅರವತ್ತರ ದಶಕದಲ್ಲೇ ಬಂದು ನೆಲೆಸಿದವರು. ಹೊಸದಾಗಿ ಬಂದ ನಮ್ಮಂಥವರನ್ನು ಹಬ್ಬಕ್ಕೆ ಕರೆದು ಹೋಳಿಗೆ ಬಡಿಸುವವರು. ಅವರಿಗೆ ಅಟ್ಲಾಂಟಾದಲ್ಲಿ ಮದುವೆಯಾಗದ ಒಬ್ಬ ಮಗ. ಇನ್ನೇನು ಬೇಕು? ತಂಗಿಯ ಓದು ಮುಗಿಯಲು ಇನ್ನೂ ಒಂದು ವರ್ಷವಿತ್ತು. ಅದನ್ನು ಅರ್ಧಕ್ಕೆ ನಿಲ್ಲಿಸಿ ಅವಳನ್ನು ಯಾರದೋ ಮನೆಗೆ ಕಳಿಸಲು ನಾನು ಬಿಡುವವಳಲ್ಲ.

ಮದುವೆಗೆ ಮುಂಚೆ ನನ್ನನ್ನು ಏಳು ಕಡೆಯವರು ನೋಡಿ ಹೋಗಿದ್ದರು. ಕುಂಟುತ್ತೇನೋ ಎಂದು ನೋಡಲು ನೀರು ತರಿಸಿದವರುಂಟು, ತೊದಲುತ್ತೇನೋ ಎಂದು ಪೇಪರ್ ಓದಿಸಿದವರುಂಟು. ಕನ್ನಡಕವಿದ್ದರೆ ಒಪ್ಪುವುದಿಲ್ಲವೆಂದು ಅಮ್ಮ ಅದನ್ನು ತೆಗೆಸಿ ಕಳಿಸಿದ್ದಕ್ಕೆ, ಒಮ್ಮೆ ಗಂಡಿನ ಬದಲು ಅವರ ಕಾರಿನ ಡ್ರೈವರನಿಗೆ ಮೊದಲು ಕಾಫಿ ಕೊಟ್ಟಿದ್ದೆ. ಹಾಗಾಗಿ ಈ ಶಾಸ್ತ್ರದ ಒಳಹೊರಗೆಲ್ಲ ನನಗೆ ಗೊತ್ತು ಎಂಬ ಜಂಬ ನನಗಿತ್ತು.

ನನ್ನ ಗಂಡನಿಗೆ ಆ ಶನಿವಾರವೂ ಆಫೀಸು. ನಾನು ತಂಗಿಗೆ ಇರುವುದರಲ್ಲೇ ಹಳೆಯ ಸ್ವೆಟ್‌ಶರ್ಟ್ ಹಾಕಿಸಿ, ಕೂದಲು ಬಾಚಬೇಡ ಎಂದು ಹೇಳಿ ಹೊರಡಿಸಿದೆ. ಅವಳ ಎಡಗಾಲಿನ ಶೂ ಲೇಸ್ ಬಿಚ್ಚಿಕೊಂಡು ನೇತಾಡುತ್ತಿತ್ತು. ಇರಲಿ, ಶಿಸ್ತಿಲ್ಲದ ಹುಡುಗಿ ಅಂದುಕೊಳ್ಳಲಿ ಎಂದು ಸುಮ್ಮನಾದೆ.

ಅಂಕಲ್ ಕಾರಿನಲ್ಲಿ ಎರಡು ಗಂಟೆಯ ದಾರಿ. ಊರೆಂದರೆ ಎರಡು ಬೀದಿ, ಒಂದು ಗುಡ್ಡ, ನಡುವೆ ಸಣ್ಣ ಪಾರ್ಕು. ಗುಡ್ಡದ ಬುಡದಲ್ಲಿ ನೀರು ಉಕ್ಕಿ, ಕಲ್ಲಿನ ಕಾಲುವೆಗಳಲ್ಲಿ ಸಣ್ಣಗೆ ಹರಿಯುತ್ತದೆ. ಆ ನೀರಿನಲ್ಲಿ ಮಿಂದರೆ ಕೀಲುನೋವು ಹೋಗುತ್ತದೆಂದು ಇನ್ನೂರು ವರ್ಷದ ಹಿಂದೆಯೇ ದೊಡ್ಡ ಮನುಷ್ಯರೆಲ್ಲ ಬರುತ್ತಿದ್ದರಂತೆ. ಅವರು ಮಿಂದ ಕಲ್ಲಿನ ತೊಟ್ಟಿ ಎಂದು ಒಂದು ಗುಂಡಿಯನ್ನೂ ತೋರಿಸುತ್ತಾರೆ. ನಾನು ಅದನ್ನೂ ನಂಬಲಿಲ್ಲ. ನೀರಿಗೆ ಕೈಯಿಟ್ಟು ನೋಡಿದೆ, ಬಿಸಿಯೂ ಇಲ್ಲ, ತಣ್ಣಗೂ ಇಲ್ಲ. ಮೇಪಲ್ ಎಲೆಗಳು ಮಾತ್ರ ಕೆಂಪಗೆ ಕಾಲುವೆಯಲ್ಲಿ ತೇಲಿ ಹೋಗುತ್ತಿದ್ದವು, ಅದಕ್ಕೆ ಕೊಂಕು ತೆಗೆಯುವಂತಿರಲಿಲ್ಲ.

ಅಂಕಲ್ ತಂಗಿಯ ಪಕ್ಕದಲ್ಲಿ ನಡೆಯಲಿಲ್ಲ. "ನೀನು ಮುಂದೆ ನಡಿಯಮ್ಮ," ಎಂದು ಹತ್ತು ಹೆಜ್ಜೆ ಹಿಂದೆ ಉಳಿದರು. ಅವರ ಕಣ್ಣು ಎಲೆಗಳ ಮೇಲಿರಲಿಲ್ಲ, ಅವಳ ಕಾಲುಗಳ ಮೇಲಿತ್ತು. ನನಗೆ ಮೈ ಉರಿಯಿತು. ಗುಡ್ಡದ ಮೆಟ್ಟಿಲು ಹತ್ತಿಸಿ ಇಳಿಸಿದರು. ಕಾಲುವೆಯ ಹತ್ತಿರ ಬಂದಾಗ ಹೇಳಿಯೇಬಿಟ್ಟರು:

"ಈ ಕಲ್ಲಿನ ಅಂಚಿನ ಮೇಲೆ ಹೆಜ್ಜೆ ಮುಂದೆ ಹೆಜ್ಜೆ ಇಟ್ಟು ನಡಿ, ನೋಡೋಣ."

ತಂಗಿ ಹತ್ತಿದಳು. ಮೂರನೆಯ ಹೆಜ್ಜೆಗೆ ವಾಲಿ, ಎಡಗಾಲು ನೀರಿನೊಳಗೆ ಹೋಯಿತು. ಭಲೇ ಹುಡುಗಿ! ಸೋಲಬೇಕೆಂದೇ ನಾಟಕ ಮಾಡುತ್ತಿದ್ದಾಳೆ ಎಂದು ನನಗೆ ಒಳಗೊಳಗೇ ಖುಷಿ. ಕಣ್ಣು ಮಿಟುಕಿಸಿದೆ. ಅವಳು ನನ್ನತ್ತ ನೋಡಲಿಲ್ಲ.

ಬುಗ್ಗೆಯ ನಲ್ಲಿಯ ಹತ್ತಿರ ಊರಿನವರು ಗ್ಯಾಲನ್ ಕ್ಯಾನುಗಳಿಗೆ ನೀರು ತುಂಬಿಕೊಳ್ಳುತ್ತಿದ್ದರು. ಆಂಟಿಯೂ ಒಂದು ತಂದಿದ್ದರು. ತಂಗಿ ಅದನ್ನು ತುಂಬಿ ಎಡಗೈಯಲ್ಲಿ ಎತ್ತಿದಳು, ಕ್ಯಾನು ಜಾರಿ ಬಿತ್ತು. ಅಂಕಲ್ ಎರಡು ಬೆರಳು ಮುಂದೆ ಚಾಚಿದರು. "ಆ ಕೈಲಿ ಈ ಬೆರಳನ್ನ ಗಟ್ಟಿಯಾಗಿ ಹಿಡ್ಕೋ. ಇನ್ನೂ ಗಟ್ಟಿಯಾಗಿ."

ನಾನು ಸಿಡಿದುಬಿಟ್ಟೆ. "ಅಂಕಲ್, ಹುಡುಗಿ ನೋಡೋ ಶಾಸ್ತ್ರ ಮಾಡೋದಿದ್ರೆ ಹೇಳಿ ಮಾಡಿ! ಹೀಗೆ ಸಂತೇಲಿ ದನದ ಕಾಲು ಕೈ ನೋಡಿದ ಹಾಗೆ ನೋಡ್ಬೇಡಿ!"

ನೀರು ತುಂಬುತ್ತಿದ್ದವರೂ ತಿರುಗಿ ನೋಡಿದರು. ಆಂಟಿ ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದರು. "ನಮ್ಮ ಮಗನಿಗೆ ಅಟ್ಲಾಂಟಾದಲ್ಲೇ ಒಬ್ಬಳು ಹುಡುಗಿ ಗೊತ್ತಾಗಿದ್ದಾಳೆ ಕಣೇ. ಬರೋ ಸಮ್ಮರ್‌ಗೆ ಮದ್ವೆ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ನನಗಿನ್ನೂ ಹಳದಿ ಇಳಿದಿರಲಿಲ್ಲ. "ಮತ್ತೆ ಇವಳು ಬಂದಿದ್ದು ನಿಮಗೆ ಹೇಗೆ ಗೊತ್ತಾಯ್ತು?" ಎಂದು ವಾದಕ್ಕೆ ನಿಂತೆ.

"ನಾನೇ ಅಂಕಲ್‌ಗೆ ಫೋನ್ ಮಾಡಿದ್ದೆ, ಅಕ್ಕ," ಎಂದಳು ತಂಗಿ. "ಎರಡು ತಿಂಗಳಿಂದ ಎಡಗೈಯಿಂದ ಎಲ್ಲಾ ಜಾರ್ತಿದೆ. ಕಾಲೂ ಒಂದೊಂದ್ಸಲ ಮಾತು ಕೇಳಲ್ಲ. ಆಸ್ಪತ್ರೆಗೆ ಹೋಗೋಕೆ ಭಯ ಆಯ್ತು. ಅಂಕಲ್ಲೇ, ಸುಮ್ನೆ ವಾಕ್ ಹೋಗೋಣ, ನಾನು ನೋಡ್ತೀನಿ ಅಂದ್ರು."

"ನನಗ್ಯಾಕೆ ಹೇಳಲಿಲ್ಲ?"

"ನಿಂಗೆ ಹೇಳಿದ್ರೆ ನೀನು ಅಮ್ಮಂಗೆ ಹೇಳ್ತೀಯ. ಅಮ್ಮ, ಯಾರಿಗೂ ಗೊತ್ತಾಗ್ಬಾರ್ದು, ಮದ್ವೆ ಆಗಲ್ಲ ಅಂತ ಮುಚ್ಚಿಡ್ತಾಳೆ. ನೀನೂ ಹೂಂ ಅಂತೀಯ."

ಅವಳು ಹೇಳಿದ್ದು ಸುಳ್ಳಲ್ಲ. ಅಮ್ಮ ಕನ್ನಡಕ ತೆಗೆ ಎಂದಾಗ ಏಳು ಸಲವೂ ತೆಗೆದುಕೊಟ್ಟವಳು ನಾನೇ.

ಅಂಕಲ್ ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ. "ಸೋಮವಾರನೇ ಡರ್ಹಮ್‌ನಲ್ಲಿ ನರಗಳ ಡಾಕ್ಟರಾಗಿರೋ ನನ್ನ ಸ್ನೇಹಿತರೊಬ್ಬರಿಗೆ ತೋರಿಸ್ಬೇಕು. ಔಷಧಿ ಇದೆ, ಹೆದರ್ಬೇಡಿ. ಆದ್ರೆ ತಡ ಮಾಡ್ಬೇಡಿ," ಎಂದರು. "ನಾನೂ ಜೊತೆಗೆ ಹೋಗ್ತೀನಿ," ಎಂದೆ. ಬೆಳಗಿನಿಂದ ಅಂಕಲ್ ಏನು ನೋಡುತ್ತಿದ್ದಾರೆಂದು ಗಮನಿಸುತ್ತಾ, ನನ್ನ ತಂಗಿಯನ್ನು ನಾನೇ ನೋಡಿರಲಿಲ್ಲ.

ಅವಳು ಬೆಂಚಿನ ಮೇಲೆ ಕುಳಿತು ಒದ್ದೆ ಶೂ ಕೊಡವಿ ಹಾಕಿಕೊಂಡಳು. ಲೇಸ್ ಇನ್ನೂ ನೇತಾಡುತ್ತಲೇ ಇತ್ತು. ಬಲಗೈಯೊಂದರಲ್ಲೇ ಅದನ್ನು ಸುತ್ತಲು ನೋಡಿ, ಆಗದೆ ಬಿಟ್ಟಳು. ನಾನು ಹೋಗಿ ಅವಳೆದುರು ನೆಲಕ್ಕೆ ಕುಳಿತೆ. ಅವಳು ಚಿಕ್ಕವಳಿದ್ದಾಗ ಸ್ಕೂಲಿಗೆ ಹೊರಡುವ ಮುಂಚೆ ಮಾಡುತ್ತಿದ್ದಂತೆ ಕಾಲು ಚಾಚಿದಳು. ನಾನು ಎರಡು ಗಂಟು ಹಾಕಿ ಬಿಗಿಯಾಗಿ ಕಟ್ಟಿದೆ.