ಹನ್ನೊಂದು ದಿನದ ಐದನೇ ಕ್ಲಾಸು

ಆಗ ನಮ್ಮಂಥವರು ಊರು ಬಿಟ್ಟು ಊರಿಗೆ ಹೋಗಲು ಲಾರಿ ಬೇಕಾಗುತ್ತಿರಲಿಲ್ಲ. ತಗಡಿನ ಟ್ರಂಕು, ಒಂದು ಚೀಲ ಜೋಳ, ಬೀಸುವ ಕಲ್ಲು, ಕಾಲು ಕಟ್ಟಿದ ಎರಡು ಕೋಳಿ. ಅಷ್ಟನ್ನು ಬಸ್ಸಿನ ಮೇಲೆ ಹಾಕಿಕೊಂಡು ನಾವು ಇಟ್ಟಿಗಿಯಿಂದ ಕೂಡ್ಲಿಗಿಗೆ ಬಂದೆವು. ಟ್ರಂಕಿನ ತಳದಲ್ಲಿ ಅವ್ವನ ಮದುವೆ ಸೀರೆಯ ಮಡಿಕೆಯೊಳಗೆ ಎರಡು ಕಾಗದ ಇದ್ದವು. ಒಂದು ನನ್ನ ಟೀಸಿ, ಇನ್ನೊಂದು ತಮ್ಮ ಮರಿಯನದು. ನಾನು ನಾಲ್ಕನೇ ಕ್ಲಾಸು ಪಾಸು, ಅವನು ಎರಡನೆಯದು.

ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು. ಅಪ್ಪನಿಗೆ ರಸ್ತೆ ಗ್ಯಾಂಗಿನಲ್ಲಿ ಕಾಯಂ ಕೆಲಸ ಆಗಿತ್ತು. ಹೊಸಪೇಟೆ ರಸ್ತೆಯಲ್ಲಿ ಎಲ್ಲಿ ಗುಂಡಿ ಬಿದ್ದರೆ ಅಲ್ಲಿ ಅವನ ಮನೆ, ಶನಿವಾರ ಸಂಜೆ ಮಾತ್ರ ನಮ್ಮ ಮನೆ. ಅವ್ವ ಜಲ್ಲಿ ಒಡೆಯಲು ಹೋಗುತ್ತಿದ್ದಳು. ಹತ್ತು ತಿಂಗಳ ತಂಗಿ ಹುಲಿಗಿ ನನ್ನ ಸೊಂಟದ ಮೇಲೆ ಇರುತ್ತಿದ್ದಳು. ಇದ್ದಳು ಅನ್ನುವುದಕ್ಕಿಂತ ಅಂಟಿಕೊಂಡಿದ್ದಳು ಅನ್ನಬೇಕು. ನಾನು ಕುಂಟಾಬಿಲ್ಲೆ ಆಡಿದ್ದೂ ಅವಳನ್ನು ಹೊತ್ತುಕೊಂಡೇ.

ನಾವು ಬಂದಿದ್ದು ಆಷಾಢದಲ್ಲಿ. ಮಳೆ ಇಲ್ಲ, ಬರೀ ಗಾಳಿ. ರೊಟ್ಟಿಯಲ್ಲೂ ಮಣ್ಣು, ಕಣ್ಣಲ್ಲೂ ಮಣ್ಣು. ಶಾಲೆಗಳು ಶುರುವಾಗಿ ತಿಂಗಳು ಕಳೆದಿತ್ತು. ನನ್ನ ಹೆಸರು ಯಾವ ಶಾಲೆಯ ಹಾಜರಿಯಲ್ಲೂ ಇರಲಿಲ್ಲ. ಬೆಳಗ್ಗೆ ಗಂಟೆ ಹೊಡೆದದ್ದು ಕೇಳಿದರೆ ಕಾಲು ನಿಲ್ಲುತ್ತಿರಲಿಲ್ಲ. ಒಳಗೆ ಹೋಗುತ್ತಿದ್ದೆ, ಹೊರಗೆ ಬರುತ್ತಿದ್ದೆ, ಕೊಡ ಎತ್ತಿ ಮತ್ತೆ ಇಡುತ್ತಿದ್ದೆ.

"ಯಾಕಲೇ ಹಂಗ ಸುಟ್ಟ ಬೆಕ್ಕಿನಂಗ ತಿರಗಾಕತ್ತಿ?" ಅಂದಳು ಅವ್ವ.

"ನನ್ನ ಸಾಲಿಗಿ ಯಾವಾಗ ಹಚ್ತೀಯವ್ವ?"

"ಯಾವ ಸಾಲಿಗಿ?"

ಅದು ನನಗೂ ಗೊತ್ತಿರಲಿಲ್ಲ. ಅವ್ವ ಕೆಲಸ ಬಿಟ್ಟು ತಿರುಗುವ ಹಾಗಿರಲಿಲ್ಲ. "ನೀನ ಹೋಗಿ ಎಲ್ಲಾ ಸಾಲಿ ನೋಡಿಕ್ಯಂಡು ಬಾ. ಮಾಸ್ತರು ಎಷ್ಟು ಮಂದಿ ಅದಾರ, ಗೋಡಿ ಎಷ್ಟೆತ್ತರ ಐತಿ, ಅದೆಲ್ಲಾ ನನಗ ಬ್ಯಾಡ. ಎರಡು ಮಾತು ತಿಳಕಂಡು ಬಾ. ಕೂಸು ತಗಂಡು ಹೋದ್ರ ಕುಂದ್ರಸ್ತಾರೇನು? ಕುಡಿಯಾಕ ನೀರು ಯಾರು ಹಾಕ್ತಾರ?"

ಎರಡನೇ ಮಾತು ನಿಮ್ಮಲ್ಲಿ ಕೆಲವರಿಗೆ ಬಿಡಿಸಿ ಹೇಳಬೇಕಾಗಬಹುದು. ಇಟ್ಟಿಗಿಯ ಶಾಲೆಯಲ್ಲಿ ನಮ್ಮ ಕೇರಿಯ ಮಕ್ಕಳು ಮಡಕೆ ಮುಟ್ಟುವ ಹಾಗಿರಲಿಲ್ಲ. ಮೆಟ್ಟಿಲ ಕೆಳಗೆ ಕುಕ್ಕರಗಾಲಲ್ಲಿ ಕೂತು ಬೊಗಸೆ ಒಡ್ಡಬೇಕು, ಬೇರೆ ಹುಡುಗಿ ಮೇಲಿನಿಂದ ಸೌಟಲ್ಲಿ ನೀರು ಸುರಿಯಬೇಕು. ಅಪ್ಪನಿಗೆ ಸರ್ಕಾರಿ ಕೆಲಸ ಸಿಕ್ಕ ದಿನವೇ ಅವ್ವ ಹೇಳಿದ್ದಳು, "ಇನ್ನ ಮ್ಯಾಲೆ ನನ್ನ ಮಕ್ಕಳು ಬೊಗಸಿ ಒಡ್ಡಂಗಿಲ್ಲ. ಅದಕ್ಕ ಊರು ಬಿಡಾಕತ್ತೀನಿ." ದೇವರ ಮೇಲೆ ಆಣೆ ಮಾಡಿ ಹೇಳಲಿಲ್ಲ, ರೊಟ್ಟಿ ತಟ್ಟುತ್ತಾ ಹೇಳಿದಳು. ಅವ್ವ ಆಣೆ ಮಾಡಿದ್ದನ್ನು ಮರೆತದ್ದುಂಟು. ರೊಟ್ಟಿ ತಟ್ಟುತ್ತಾ ಅಂದದ್ದನ್ನು ಮರೆತದ್ದಿಲ್ಲ.

ಮೂರು ದಿನ ನಾನು ಹುಲಿಗಿಯನ್ನು ಹೊತ್ತು ಶಾಲೆ ನೋಡುತ್ತಾ ತಿರುಗಿದೆ. ಬಸ್ ನಿಲ್ದಾಣದ ಕಡೆಯ ದೊಡ್ಡ ಶಾಲೆಯ ಅಂಗಳದಲ್ಲಿ ನಲ್ಲಿ ಇತ್ತು. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಅದಕ್ಕೇ ಬಾಯಿ ಹಚ್ಚುತ್ತಿದ್ದರು. ಅವ್ವನಿಗೆ ಹೇಳಿದೆ. ಮಾರನೇ ದಿನವೇ ಮರಿಯ ಅಲ್ಲಿಗೆ ಸೇರಿದ. ಅದು ಗಂಡುಹುಡುಗರ ಶಾಲೆ, ನನಗಲ್ಲ.

ನಮ್ಮ ಕೇರಿಯ ಕೊನೆಗೊಂದು ಒಂದೇ ಕೋಣೆಯ ಶಾಲೆ ಇತ್ತು. ಒಬ್ಬರೇ ಮೇಷ್ಟ್ರು. ಮಕ್ಕಳೆಷ್ಟಿದ್ದರೋ ಅದರ ಅರ್ಧದಷ್ಟು ಕೂಸುಗಳೂ ಇದ್ದವು. ಒಂದು ಕೂಸು ಮೇಷ್ಟ್ರ ಕುರ್ಚಿಯ ಕಾಲು ಹಿಡಿದು ನಿಲ್ಲುವುದನ್ನು ಕಲಿಯುತ್ತಿತ್ತು. ಮಧ್ಯಾಹ್ನ ಹಳದಿ ಉಪ್ಪಿಟ್ಟು ಕೊಡುತ್ತಿದ್ದರು. ಅದರ ಎಣ್ಣೆಯ ವಾಸನೆ ಅರ್ಧ ಕೇರಿಗೆ ಬರುತ್ತಿತ್ತು, ಈಗಲೂ ನೆನಸಿಕೊಂಡರೆ ಮೂಗಿಗೆ ಬರುತ್ತದೆ. ನೀರಿನ ಮಡಕೆಗೆ ಕಾವಲಿಲ್ಲ, ಯಾರು ಬೇಕಾದರೂ ಚೊಂಬು ಅದ್ದಬಹುದು. ಅವ್ವನ ಎರಡೂ ಮಾತಿಗೆ ಆ ಶಾಲೆ ಪಾಸು. ಆದರೆ ಇದ್ದದ್ದು ನಾಲ್ಕನೇ ಕ್ಲಾಸಿನ ತನಕ. ನಾನಾಗಲೇ ನಾಲ್ಕು ಮುಗಿಸಿದ್ದೆ.

ಉಳಿದದ್ದು ಊರೊಳಗಿನ ಹೆಣ್ಣುಮಕ್ಕಳ ಶಾಲೆ. ಏಳನೆಯ ತನಕ ಇತ್ತು. ನಾನು ಕಿಟಕಿಯ ಸರಳು ಹಿಡಿದು ನಿಂತಾಗ ಕನ್ನಡಕದ ಅಕ್ಕೋರು ಹೊಸ ಪುಸ್ತಕದ ಕಟ್ಟು ಬಿಚ್ಚುತ್ತಿದ್ದರು. ಅಂಟಿನ ವಾಸನೆ ಕಿಟಕಿಯ ತನಕ ಬಂತು. "ಐದನೆಯವರು ಕೇಳ್ರಿ. ಇಂಗ್ಲಿಷ್ ಪುಸ್ತಕ ಬಂದಾವ. ಸೋಮವಾರದಿಂದ ಶುರು. ದಿನಕ್ಕೊಂದು ಅಕ್ಷರ," ಅಂದರು.

ಆಗ ಇಂಗ್ಲಿಷ್ ಐದನೇ ಕ್ಲಾಸಿನಿಂದಲೇ. ನಾಲ್ಕರ ತನಕ ಓದಿದವರು ಅದರ ಬಾಗಿಲಿನ ಹತ್ತಿರ ಬಂದು ನಿಂತ ಹಾಗೆ.

ಅಕ್ಕೋರು ನನ್ನನ್ನು ನೋಡಿದರು. "ಯಾರೇ ಅದು? ಬೆಳಕಿಗೆ ಅಡ್ಡ ನಿಂತೀಯಲ್ಲ."

"ನಾನು ನಾಲ್ಕು ಪಾಸಾಗೀನ್ರಿ. ಟೀಸಿ ಐತ್ರಿ."

"ಕಂಕುಳಾಗಿರದು ಎಷ್ಟನೇ ಕ್ಲಾಸು?"

ಹುಡುಗಿಯರು ನಕ್ಕರು. ನಾನೂ ನಕ್ಕೆ. ಅಕ್ಕೋರು ನಗಲಿಲ್ಲ, ಆದರೆ ಗದರಲೂ ಇಲ್ಲ. "ಅದನ್ನ ಮನ್ಯಾಗ ಬಿಟ್ಟು, ಟೀಸಿ ತಗೊಂಡು ಬಾ. ಕುಂದ್ರಿಸಿಕೊಳ್ತೀನಿ."

ಅಲ್ಲಿಂದ ಓಡಬೇಕಿತ್ತು. ಓಡಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಕಲ್ಲಿನ ಮೇಲೆ ಮಡಕೆ ಇತ್ತು. ಅದರ ಪಕ್ಕ ಗೋಡೆಗೆ ಉದ್ದ ಹಿಡಿಯ ಸೌಟು. ಕೆಳಗಿನ ಮೆಟ್ಟಿಲು ಒದ್ದೆಯಾಗಿತ್ತು, ನಡುವೆ ಮಾತ್ರ. ಅಲ್ಲಿ ಯಾರು ಕೂರುತ್ತಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಕೂಸಿನ ದಾರಿ ಮೊದಲು ಹುಡುಕಿದೆ. ಪಕ್ಕದ ಮನೆಯ ನಿಂಗಜ್ಜಿಗೆ ಹಲ್ಲಿರಲಿಲ್ಲ, ಎಲೆ ಅಡಿಕೆಯ ಚಟ ಇತ್ತು. "ದಿನಾ ನಿನಗ ಅಡಕಿ ಕುಟ್ಟಿ ಕೊಡ್ತೀನಿ, ಹುಲಿಗೀನ ನೋಡಿಕ್ಯ," ಅಂದೆ.

"ನುಣ್ಣಗ ಕುಟ್ಟಬೇಕು. ತರಿ ಇದ್ರ ಕೂಸಿನ ವಾಪಸ್ ಕೊಡ್ತೀನಿ," ಅಂದಳು ಅಜ್ಜಿ.

ಶನಿವಾರ ಸಂಜೆ ಅಪ್ಪನೂ ಬಂದಿದ್ದ. ಮೈಯೆಲ್ಲಾ ಡಾಂಬರಿನ ವಾಸನೆ. ಕೊಟ್ಟೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲು ಐತಂತೆ ಅಂದ. "ಕೊಟ್ಟೂರಿಗಿ ಕಳಿಸಿದ್ರ ಮನ್ಯಾಗ ಗಂಜಿ ಯಾರು ಕಾಸ್ತಾರ, ನಿನ್ನ ಗ್ಯಾಂಗಿನವರು ಬರ್ತಾರೇನು?" ಅಂದಳು ಅವ್ವ. ಆಮೇಲೆ ಅವ್ವ ನನ್ನ ಕಡೆ ತಿರುಗಿದಳು.

"ಆ ಹೆಣ್ಣುಮಕ್ಕಳ ಸಾಲ್ಯಾಗ ನೀರು ಯಾರು ಹಾಕ್ತಾರ?"

"ಯಾರೂ ಹಾಕಂಗಿಲ್ಲ. ನಾವ ತಗಂಡು ಕುಡಿಯೋದು."

ನಾನು ಅವ್ವನಿಗೆ ಹೇಳಿದ ಮೊದಲ ಸುಳ್ಳು ಇದಲ್ಲ. ಆದರೆ ಯೋಚನೆ ಮಾಡಿ, ಕಣ್ಣು ಮಿಟುಕಿಸದೆ ಹೇಳಿದ್ದು ಇದೇ ಮೊದಲು.

ಸೋಮವಾರ ಅವ್ವನೇ ಟೀಸಿ ಕೈಗೆ ಕೊಟ್ಟು ಜಲ್ಲಿ ಒಡೆಯಲು ಹೋದಳು. ಅಂದು ಎ. ಮಂಗಳವಾರ ಬಿ. ಅಕ್ಕೋರು ಬೋರ್ಡಿನ ಮೇಲೆ ದೊಡ್ಡದೊಂದು ಸಣ್ಣದೊಂದು ಬರೆಯುತ್ತಿದ್ದರು. ನಾನು ಮನೆಗೆ ಬಂದು ಇದ್ದಿಲಿನಿಂದ ಒಲೆಯ ಪಕ್ಕದ ಗೋಡೆಗೆ ಬರೆಯುತ್ತಿದ್ದೆ. ಅಡಿಕೆ ಕುಟ್ಟುತ್ತಾ ನಿಂಗಜ್ಜಿಗೆ ಹೇಳಿಕೊಡುತ್ತಿದ್ದೆ. "ಇದೇನು ಮನಿ ಜಂತಿ ಇದ್ದಂಗೈತಿ," ಅಂತ ಎ ನೋಡಿ ಅಂದಳು. ಬಿ ನೋಡಿ ಅಂದದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ.

ನೀರಿಗೆ ಬಿಟ್ಟಾಗ ನಮ್ಮ ಕೇರಿಯ ನಾಲ್ಕು ಜನ ಮೆಟ್ಟಿಲ ಕೆಳಗೆ ಕೂರುತ್ತಿದ್ದೆವು. ನನಗೆ ಅವಮಾನ ಅನಿಸುತ್ತಿತ್ತೆ? ಇಲ್ಲ. ಇಟ್ಟಿಗಿಯಲ್ಲಿ ನಾಲ್ಕು ವರ್ಷ ಹಾಗೇ ಕುಡಿದಿದ್ದೆ, ಬೊಗಸೆ ತಾನಾಗಿಯೇ ಕೂಡುತ್ತಿತ್ತು. ನನಗಿದ್ದದ್ದು ಹೆದರಿಕೆ ಒಂದೇ. ಅವ್ವ ಯಾವಾಗಲಾದರೂ ಬಂದುಬಿಟ್ಟರೆ? ದಾರಿಯಲ್ಲಿ ಯಾರ ಬಳೆ ಸದ್ದಾದರೂ ತಿರುಗಿ ನೋಡುತ್ತಿದ್ದೆ. ಕಡೆಕಡೆಗೆ ನೀರು ಕುಡಿಯುವುದನ್ನೇ ಬಿಟ್ಟೆ. ಮನೆಗೆ ಹೋದವಳೇ ಅರ್ಧ ಕೊಡ ಕುಡಿಯುತ್ತಿದ್ದೆ. ಅವ್ವ ಒಂದು ಸಲ ನೋಡಿದಳು.

ಎರಡನೇ ವಾರದ ಶುಕ್ರವಾರ ಬೆಳಗ್ಗೆ ಕೆ ಆಯಿತು. ಮಧ್ಯಾಹ್ನ ಹಗರಿಬೊಮ್ಮನಹಳ್ಳಿಯಿಂದ ನಿಂಗಜ್ಜಿಗೆ ಸುದ್ದಿ ಬಂತು, ಮಗಳಿಗೆ ಬೇನೆ ಶುರುವಾಗಿದೆ ಅಂತ. ಅಜ್ಜಿ ಕೂಸನ್ನು ಜಲ್ಲಿಯ ಜಾಗಕ್ಕೇ ಒಯ್ದು ಅವ್ವನ ಮಡಿಲಿಗೆ ಹಾಕಿ ಬಸ್ಸು ಹತ್ತಿದಳು. ಅವ್ವ ನನ್ನನ್ನು ಕರೆಯಲು ನೆಟ್ಟಗೆ ಶಾಲೆಗೆ ಬಂದಳು. ಆ ಬಿಸಿಲಲ್ಲಿ, ಆ ಗಾಳಿಯಲ್ಲಿ, ತಲೆಯ ಮೇಲೆಲ್ಲಾ ಕಲ್ಲಿನ ಪುಡಿ.

ಪಡಸಾಲೆಯ ಹತ್ತಿರ ನಿಂತು, "ಅಕ್ಕಾರೇ, ನಮ್ಮ ದುರುಗೀನ ಕಳಿಸ್ರಿ. ಹಂಗ ಒಂದೀಟು ನೀರು ಕೊಡ್ರಿ," ಅಂದಳು.

ಅಕ್ಕೋರು ಒಳ್ಳೆಯವರು. ಪಾಠ ಹೇಳುವುದನ್ನು ನಿಲ್ಲಿಸಿ, "ಪಾಪ, ಬಿಸಿಲಾಗ ಬಂದಾರ, ಹೋಗಿ ನೀರು ಹಾಕು," ಅಂತ ಮುಂದೆ ಕೂತ ಹುಡುಗಿಗೆ ಹೇಳಿದರು. ಅವಳು ಹೋಗಿ ಸೌಟು ತುಂಬಿ ಮೇಲೆತ್ತಿ ನಿಂತಳು. ಅವ್ವ ಬಗ್ಗುತ್ತಾಳೆಂದು ಕಾದಳು.

ಅವ್ವ ಸೌಟು ನೋಡಿದಳು. ಒದ್ದೆ ಮೆಟ್ಟಿಲು ನೋಡಿದಳು. ಆಮೇಲೆ ನನ್ನನ್ನು. ನಾನು ನನ್ನ ಕಾಲಿನ ಹೆಬ್ಬೆರಳು ನೋಡಿದೆ.

"ಚೊಂಬಿನ್ಯಾಗ ಕೊಡ್ರಿ, ಕುಡಿತೀನಿ," ಅಂದಳು.

ಹುಡುಗಿ ಅಕ್ಕೋರ ಕಡೆ ತಿರುಗಿದಳು. ಅಕ್ಕೋರು ಹೊರಗೆ ಬಂದರು. ಕನ್ನಡಕ ತೆಗೆದು ಒರೆಸಿದರು. "ಇಲ್ಲಿ ಮೊದಲಿಂದ ಹೀಗೇ ನಡೆದು ಬಂದದ್ದವ್ವ. ನಾನು ಮಾಡಿದ್ದಲ್ಲ," ಅಂದರು.

"ನೀವು ಮಾಡಿದ್ದಲ್ಲಂದ್ರ ನೀವು ಬಿಟ್ಟುಬಿಡಬಹುದಲ್ಲ?"

ಸೌಟಿನ ನೀರು ಹುಡುಗಿಯ ಮೊಣಕೈ ಮೇಲಿಂದ ಇಳಿಯುತ್ತಿತ್ತು. ಗಾಳಿಗೆ ಹಾಜರಿ ಪುಸ್ತಕದ ಹಾಳೆ ಪಟಪಟ ಅನ್ನುತ್ತಿತ್ತು.

"ಟೀಸಿ ಕೊಡ್ರಿ," ಅಂದಳು ಅವ್ವ.

ಅಕ್ಕೋರು ಎರಡು ಸಲ ಬೇಡ ಅಂದರು. "ಹುಡುಗಿ ಚುರುಕದಾಳ. ಕೆಡಿಸಬ್ಯಾಡ," ಅಂದರು. ಅವ್ವ ಮೂರನೇ ಸಲವೂ ಅದನ್ನೇ ಕೇಳಿದಳು. ಕೊಟ್ಟರು.

ದಾರಿಯಲ್ಲಿ ಹುಲಿಗಿಯನ್ನು ನನ್ನ ಸೊಂಟಕ್ಕೆ ಹಾಕಿದಳು. ಸ್ವಲ್ಪ ದೂರ ಹೋದ ಮೇಲೆ, "ಎಷ್ಟು ದಿನ ಕುಡದಿ?" ಅಂದಳು.

"ಮೊದಲು ಮೊದಲು. ಆಮ್ಯಾಲೆ ಕುಡಿಲಿಲ್ಲ."

"ಯಾಕ ಸುಳ್ಳು ಹೇಳಿದಿ?"

"ಇಂಗ್ಲಿಷ್ ಇತ್ತು."

ನನಗೆ ಏಟು ಬೀಳುತ್ತದೆ ಅಂದುಕೊಂಡೆ. ಬಿದ್ದಿದ್ದರೆ ಚೆನ್ನಾಗಿತ್ತು. "ನೀರು ಎತ್ತರದಿಂದ ಬಿದ್ರೇನವ್ವ, ನೀರ ಅಲ್ಲೇನು?" ಅಂತಲೂ ಕೇಳಿದೆ.

"ನಿನ್ನಷ್ಟಿದ್ದಾಗ ನಾನೂ ಹಂಗ ಅಂದಕಂಡಿದ್ದೆ," ಅಂದಳು.

ಸೋಮವಾರ ನಾನು ಕೇರಿಯ ಶಾಲೆಗೆ ಹೋದೆ. ನಾಲ್ಕನೇ ಕ್ಲಾಸು, ಎರಡನೇ ಸಲ. ಪುಸ್ತಕ ನನಗೆ ಬಾಯಿಪಾಠ ಇತ್ತು. ಹುಲಿಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಗೊತ್ತಿದ್ದನ್ನೇ ಕೇಳುತ್ತಾ ಕೂತೆ. ಮೇಷ್ಟ್ರು ನನಗೆ ಒಂದನೇ ಕ್ಲಾಸಿನವರ ಸ್ಲೇಟು ತಿದ್ದಲು ಕೊಟ್ಟರು. ಬಾಯಾರಿದರೆ ಎದ್ದು ಹೋಗಿ ಚೊಂಬು ಅದ್ದುತ್ತಿದ್ದೆ. ಬೇಕೆಂದೇ ಮೂರು ನಾಲ್ಕು ಸಲ ಎದ್ದು ಹೋಗುತ್ತಿದ್ದೆ. ಮುಂದಿನ ವರ್ಷ ಮತ್ತೆ ನಾಲ್ಕಕ್ಕೇ ಕೂರುವುದು ಬೇಡ ಅನಿಸಿತು. ನಾನೂ ಜಲ್ಲಿ ಒಡೆಯಲು ಹೋದೆ. ನನ್ನ ಓದು ಅಷ್ಟು.

ಹುಲಿಗಿ ಶಾಲೆಗೆ ಹೋಗುವ ಹೊತ್ತಿಗೆ ಹೆಣ್ಣುಮಕ್ಕಳ ಶಾಲೆಗೂ ನಲ್ಲಿ ಬಂದಿತ್ತು. ಅವ್ವ ಹೋಗಿ, ನಲ್ಲಿ ತಿರುಗಿಸಿ, ಬಾಯಿ ಹಚ್ಚಿ ಕುಡಿದು, ಆಮೇಲೆ ಹೆಸರು ಬರೆಸಿದಳು. ಹುಲಿಗಿ ಅಲ್ಲೇ ಏಳು ಪಾಸಾದಳು, ಮುಂದೆ ನರ್ಸ್ ಆದಳು. ಅವಳ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ ಅಂದರೆ ಅದೂ ಒಂದು ಸುಳ್ಳಾಗುತ್ತದೆ. ಅವ್ವ ಮಾಡಿದ್ದು ಸರಿಯೋ ತಪ್ಪೋ, ಅರವತ್ತರ ಹತ್ತಿರ ಬಂದರೂ ನಾನು ತೀರ್ಮಾನ ಮಾಡಿಲ್ಲ. ಒಂದು ದಿನ ಸರಿ ಅನಿಸುತ್ತದೆ. ಬಸ್ಸಿನ ಇಂಗ್ಲಿಷ್ ಬೋರ್ಡು ಓದಲಾಗದ ದಿನ ತಪ್ಪು ಅನಿಸುತ್ತದೆ. ಕೆ ತನಕ ಆ ಅಕ್ಕೋರು ಕಲಿಸಿದ್ದು. ಅದರ ಮುಂದಿನದನ್ನು ಮೊಮ್ಮಗಳು ಮೊಬೈಲಿನಲ್ಲಿ ಕಲಿಸಿದಳು. ಇವು ಕೆ ತನಕದವುಗಳ ಹಾಗೆ ತಲೆಯಲ್ಲಿ ನಿಲ್ಲುವುದಿಲ್ಲ.

ಕಳೆದ ಬೇಸಿಗೆ ಮಗನಿಗೆ ಹರಪನಹಳ್ಳಿಗೆ ವರ್ಗವಾಯಿತು. ಸೊಸೆ ಫೋನಿನಲ್ಲಿ ಶಾಲೆಗಳ ಪಟ್ಟಿ ಮಾಡಿದ್ದಳು. ವ್ಯಾನ್ ಮನೆ ಬಾಗಿಲಿಗೆ ಬರುತ್ತದೋ, ಕಂಪ್ಯೂಟರ್ ಎಷ್ಟಿವೆ, ಇಂಗ್ಲಿಷ್ ಯಾವಾಗಿನಿಂದ. ಈಗ ಅಂಗನವಾಡಿ ವಯಸ್ಸಿನಿಂದಲೇ ಇಂಗ್ಲಿಷ್ ಅಂತೆ. ನನ್ನನ್ನೂ ಕರೆದುಕೊಂಡು ಹೋದರು. ಒಂದು ಶಾಲೆಯ ಆಫೀಸಿನಲ್ಲಿ ತಣ್ಣನೆ ಗಾಳಿ ಬರುತ್ತಿತ್ತು. ಮೇಜಿನ ಹಿಂದಿನ ಮೇಡಂ ನಗುನಗುತ್ತಾ ಮಾತಾಡಿದರು. ಅವರು ಮಾತಾಡಿ ಮುಗಿಸಿದ ಮೇಲೆ ನಾನು ನನ್ನ ಒಂದೇ ಒಂದು ಮಾತು ಕೇಳಿದೆ.

"ಕುಡಿಯಾಕ ಒಂದೀಟು ನೀರು ಕೊಡ್ರಿ."

ಸೊಸೆಗೆ ನಾಚಿಕೆಯಾಯಿತು. "ಅತ್ತಿ, ಬ್ಯಾಗಿನ್ಯಾಗ ಐತಲ್ಲ," ಅಂದಳು. ಪಡಸಾಲೆಯಲ್ಲಿ ಮಕ್ಕಳು ಸಾಲಾಗಿ ಹೋಗುತ್ತಿದ್ದರು. ಒಬ್ಬೊಬ್ಬರ ಕೊರಳಲ್ಲೂ ಮನೆಯಿಂದ ತಂದ ಬಾಟಲಿ. ಯಾರೂ ಯಾರ ನೀರೂ ಕುಡಿಯಬೇಕಾಗಿರಲಿಲ್ಲ.

ಆಯಾ ನನಗೆ ಸೀಲ್ ಒಡೆಯದ ಬಾಟಲಿ ತಂದು ಮೇಜಿನ ಮೇಲಿಟ್ಟು ಹೋದಳು. ನಮ್ಮವ್ವ ಒಂದು ಸೌಟು ನೋಡಿ ಆ ಶಾಲೆಯನ್ನೆಲ್ಲಾ ತಿಳಿದುಕೊಂಡಿದ್ದಳು. ನಾನು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅದರಿಂದ ಏನೂ ತಿಳಿಯಲಿಲ್ಲ. ಮುಚ್ಚಳ ತಿರುಗಿಸಿ ಕುಡಿದೆ. ಮೊಮ್ಮಗಳ ಹೆಸರು ಬರೆಸಿ ಬಂದೆವು.